ನಿಂತಾಗ ಸುಲಭ, ತಿರುವಿನಲ್ಲಿ ಪಾಠ: ಮೊದಲ ಕ್ರೂಸರ್ ಬೈಕಿನ ಭೌತವಿಜ್ಞಾನ

ಶೋರೂಮಿನ ಮುಂದೆ ಪೂಜೆ ಮುಗಿದಿದೆ. ಹ್ಯಾಂಡಲ್‌ಗೆ ಹೂವಿನ ಹಾರ, ಟ್ಯಾಂಕಿನ ಮೇಲೆ ಕುಂಕುಮ, ಚಕ್ರಗಳ ಕೆಳಗೆ ನಿಂಬೆಹಣ್ಣು. ಇದುವರೆಗೆ ಸ್ಕೂಟರ್ ಮಾತ್ರ ಓಡಿಸಿದ್ದ ಮಗಳು ಹೊಸ ಬೈಕಿನ ಮೇಲೆ ಕೂತು ಎರಡೂ ಪಾದಗಳನ್ನು ಪೂರ್ತಿಯಾಗಿ ನೆಲಕ್ಕೆ ಊರುತ್ತಾಳೆ. ಅವಳ ಮುಖದಲ್ಲಿ ನೆಮ್ಮದಿ. ಪಕ್ಕದಲ್ಲಿ ನಿಂತ ಅಪ್ಪನ ಮುಖದಲ್ಲೂ ಅದೇ ನೆಮ್ಮದಿ. ಹೊಸಬರು ಕ್ರೂಸರ್ ಬೈಕಿಗೆ ಮನಸೋಲುವುದೇ ಈ ಒಂದು ಕ್ಷಣಕ್ಕೆ.

ತಗ್ಗಿದ ಸೀಟು, ಅಗಲವಾದ ಹ್ಯಾಂಡಲ್, ಮುಂದಕ್ಕೆ ಚಾಚಿದ ಕಾಲು, ಕಡಿಮೆ ವೇಗದಲ್ಲೂ ಜಗ್ಗುವ ಎಂಜಿನ್: ಕ್ರೂಸರ್‌ನ ಗುರುತುಗಳು ಇವು. ಹೋಂಡಾ 1985ರಲ್ಲಿ ತಂದ ರೆಬೆಲ್ 250 ಅಮೆರಿಕದಲ್ಲಿ ಎಷ್ಟೋ ಮಂದಿಗೆ ಬೈಕ್ ಕಲಿಸಿದ ಗಾಡಿ. ನಮ್ಮಲ್ಲಿ ಆ ಕೆಲಸವನ್ನು 2005ರಿಂದ ಬಜಾಜ್ ಅವೆಂಜರ್ ಮಾಡಿತು. 2020ರ ನವೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್‌ನ ಮೀಟಿಯಾರ್ 350 ಬಂತು. ಇವೆಲ್ಲ ಹೊಸಬರಿಗೆ ಒಗ್ಗುವ ಗಾಡಿಗಳೇ. ಆದರೆ ನಿಂತಾಗ ಧೈರ್ಯ ಕೊಡುವ ಈ ಮೈಕಟ್ಟೇ ಚಲಿಸುವಾಗ, ತಿರುಗುವಾಗ, ಬ್ರೇಕ್ ಹಿಡಿಯುವಾಗ ತನ್ನದೇ ನಿಯಮಗಳನ್ನು ಮುಂದಿಡುತ್ತದೆ. ಆ ನಿಯಮಗಳ ಹಿಂದಿರುವ ವಿಜ್ಞಾನ ತಿಳಿದರೆ ಕಲಿಕೆ ಬೇಗ ಕೈಗೂಡುತ್ತದೆ, ಮೈಮೂಳೆಯೂ ಉಳಿಯುತ್ತದೆ.

191 ಕಿಲೋ ಯಾವಾಗ ಭಾರ?

ಮೀಟಿಯಾರ್ 350ರ ಸೀಟು ನೆಲದಿಂದ 765 ಮಿಲಿಮೀಟರ್ ಎತ್ತರದಲ್ಲಿದೆ. ಅದೇ ಎಂಜಿನ್ ಇರುವ, ಅದೇ ಕಂಪನಿಯ ಕ್ಲಾಸಿಕ್ 350ರ ಸೀಟು 805 ಮಿಲಿಮೀಟರ್. ವ್ಯತ್ಯಾಸ ನಾಲ್ಕೇ ಸೆಂಟಿಮೀಟರ್. ಆದರೆ ಸಾಧಾರಣ ಎತ್ತರದವರ ಪಾಲಿಗೆ ಇದು ಹಿಮ್ಮಡಿ ನೆಲ ಮುಟ್ಟುವುದಕ್ಕೂ ತುದಿಗಾಲಿನಲ್ಲಿ ನಿಲ್ಲುವುದಕ್ಕೂ ಇರುವ ಅಂತರ.

ಮೀಟಿಯಾರ್‌ನ ತೂಕ 191 ಕಿಲೋ. ನೆಟ್ಟಗೆ ನಿಂತಾಗ ಆ ಭಾರವನ್ನೆಲ್ಲ ಚಕ್ರಗಳೇ ಹೊರುತ್ತವೆ, ಎರಡು ಬೆರಳಲ್ಲಿ ಹಿಡಿದರೂ ಗಾಡಿ ನಿಲ್ಲುತ್ತದೆ. ವಾಲಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಬೈಕಿನ ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ, ನಾವು ಹಿಡಿದ ಹ್ಯಾಂಡಲ್ ಒಂದು ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳೋಣ. ಗಾಡಿ 10 ಡಿಗ್ರಿ ವಾಲಿದರೆ ಕೈ ತಡೆಯಬೇಕಾದದ್ದು ಸುಮಾರು 17 ಕಿಲೋ ಭಾರಕ್ಕೆ ಸಮ. 20 ಡಿಗ್ರಿಗೆ ಅದು 33 ಕಿಲೋ, 30 ಡಿಗ್ರಿಗೆ 48 ಕಿಲೋ. ಅಂದರೆ ಮೊದಲ ಕೆಲವು ಡಿಗ್ರಿಗಳಲ್ಲೇ ತಡೆದರೆ ಯಾರ ಕೈಗಾದರೂ ನಿಲುಕುವ ಗಾಡಿ, ಅರೆಕ್ಷಣ ತಡವಾದರೆ ಪೈಲ್ವಾನರಿಗೂ ನಿಲುಕುವುದಿಲ್ಲ.

ಹೊಸಬರು ಗಾಡಿ ಬೀಳಿಸುವುದು ಎಷ್ಟೋ ಸಲ ನಿಂತಲ್ಲೇ: ಮನೆಯ ಗೇಟಿನ ಬಳಿ, ಪೆಟ್ರೋಲ್ ಬಂಕಿನಲ್ಲಿ, ಇಳಿಜಾರಿನ ಪಾರ್ಕಿಂಗ್‌ನಲ್ಲಿ. ನಿಲ್ಲುವ ಕೊನೆಯ ಗಳಿಗೆಯಲ್ಲಿ ಹ್ಯಾಂಡಲ್ ತಿರುಗಿಸಿಕೊಂಡೇ ಮುಂದಿನ ಬ್ರೇಕ್ ಹಿಡಿಯುವುದು ಇದಕ್ಕೆ ಒಂದು ದೊಡ್ಡ ಕಾರಣ. ಚಕ್ರ ಥಟ್ಟನೆ ನಿಲ್ಲುತ್ತದೆ, ಗಾಡಿಯ ಭಾರ ತಿರುಗಿಸಿದ ಕಡೆಗೇ ಮಗುಚುತ್ತದೆ. ಹಾಗಾಗಿ ನಿಲ್ಲುವ ಮೊದಲು ಹ್ಯಾಂಡಲ್ ನೇರವಾಗಲಿ. ಇಳಿಜಾರಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕುವಾಗ ಎಂಜಿನ್ ಆರಿಸಿ ಮೊದಲ ಗೇರಿನಲ್ಲಿ ಬಿಡಿ. ಗಾಡಿ ಕೈಮೀರಿ ವಾಲಿದರೆ ಹಿಡಿಯಲು ಹೋಗದೆ ಬಿಟ್ಟು ಪಕ್ಕಕ್ಕೆ ಸರಿಯಿರಿ. ಬಾಗಿದ ಹ್ಯಾಂಡಲ್ ರಿಪೇರಿಗೆ ಒಂದು ದಿನ ಸಾಕು, ಉಳುಕಿದ ಸೊಂಟಕ್ಕೆ ಸಾಲದು.

ಅಂಗೈ ಮೇಲಿನ ಪೊರಕೆ

ಗುರುತ್ವಕೇಂದ್ರ ತಗ್ಗಿನಲ್ಲಿದ್ದರೆ ಸಮತೋಲನ ಸುಲಭ ಎಂದು ಬಹಳ ಮಂದಿ ನಂಬಿದ್ದಾರೆ. ಮನೆಯಲ್ಲೇ ಪರೀಕ್ಷಿಸಿ ನೋಡಿ. ಉದ್ದ ಹಿಡಿಯ ಪೊರಕೆಯನ್ನು ಹಿಡಿಯ ತುದಿ ಅಂಗೈ ಮೇಲಿರುವಂತೆ, ಭಾರದ ಭಾಗ ಮೇಲಿರುವಂತೆ ನಿಲ್ಲಿಸಿ. ತುಸು ಅಭ್ಯಾಸದಿಂದ ನಿಲ್ಲುತ್ತದೆ. ಅದನ್ನೇ ತಲೆಕೆಳಗು ಮಾಡಿ ಭಾರದ ಭಾಗವನ್ನು ಅಂಗೈ ಮೇಲಿಟ್ಟರೆ ಬೇಗ ಬೀಳುತ್ತದೆ. ಪೆನ್ಸಿಲನ್ನಂತೂ ನಿಲ್ಲಿಸಲು ಆಗುವುದೇ ಇಲ್ಲ. ಭಾರ ಎತ್ತರದಲ್ಲಿದ್ದಷ್ಟೂ ಬೀಳುವ ಕ್ರಿಯೆ ನಿಧಾನವಾಗುತ್ತದೆ, ಸರಿಪಡಿಸಿಕೊಳ್ಳಲು ನಮಗೆ ಹೆಚ್ಚು ಸಮಯ ಸಿಗುತ್ತದೆ. ಭಾರ ತಗ್ಗಿದಷ್ಟೂ ಆ ಸಮಯ ಕಡಿಮೆ.

ಕ್ರೂಸರ್ ಸುಲಭ ಅನಿಸುವುದು ಭಾರ ತಗ್ಗಿನಲ್ಲಿದೆ ಎಂದಲ್ಲ, ಕಾಲು ನೆಲಕ್ಕೆ ಸಿಗುತ್ತದೆ ಎಂದು. ಕಾಲೆತ್ತಿದ ಮೇಲೆ ಆ ಅನುಕೂಲ ಮುಗಿಯಿತು. ಜೊತೆಗೆ ಮೀಟಿಯಾರ್‌ನ ಎರಡು ಚಕ್ರಗಳ ನಡುವಿನ ಅಂತರ 1400 ಮಿಲಿಮೀಟರ್, ಅವೆಂಜರ್ 220ರದ್ದು 1490. ಉದ್ದ ಹೆಚ್ಚಾದಷ್ಟೂ ಅದೇ ತಿರುವಿಗೆ ಹ್ಯಾಂಡಲನ್ನು ಹೆಚ್ಚು ತಿರುಗಿಸಬೇಕು. ಕಿರಿದಾದ ರಸ್ತೆಯಲ್ಲಿ ಯೂ ಟರ್ನ್ ಮಾಡುವಾಗ ಹೊಸಬರು ತಡವರಿಸುವುದು ಇದರಿಂದಲೇ.

ಇಲ್ಲಿ ನೆರವಿಗೆ ಬರುವುದು ಹಾಫ್ ಕ್ಲಚ್. ನಿಧಾನವಾಗಿ ತಿರುಗುವಾಗ ಕ್ಲಚ್ಚನ್ನು ಪೂರ್ತಿ ಹಿಡಿದರೆ ಚಕ್ರಕ್ಕೆ ಬಲ ನಿಂತುಹೋಗುತ್ತದೆ, ಗಾಡಿ ವಾಲತೊಡಗುತ್ತದೆ. ಕ್ಲಚ್ಚನ್ನು ಅರ್ಧ ಬಿಟ್ಟು, ಹಿಂದಿನ ಬ್ರೇಕನ್ನು ಹಗುರಾಗಿ ಒತ್ತಿ, ಕಣ್ಣನ್ನು ಹೋಗಬೇಕಾದ ಕಡೆ ನೆಟ್ಟರೆ ಗಾಡಿ ಹದವಾಗಿ ಸುತ್ತುತ್ತದೆ. ಎಂಜಿನ್ನೂ ಸಹಕರಿಸುತ್ತದೆ. ಮೀಟಿಯಾರ್‌ನ 349 ಸಿಸಿ ಎಂಜಿನ್ನಿನಲ್ಲಿ ಸಿಲಿಂಡರಿನ ವ್ಯಾಸ 72 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ 85.8 ಮಿಲಿಮೀಟರ್. ಹೀಗೆ ಉದ್ದ ಓಟಕ್ಕೆ ಹೊಂದಿಸಿದ ಎಂಜಿನ್ ತನ್ನ ಗರಿಷ್ಠ ತಿರುಗುಬಲವಾದ 27 ನ್ಯೂಟನ್ ಮೀಟರನ್ನು ನಿಮಿಷಕ್ಕೆ 4000 ಸುತ್ತುಗಳಲ್ಲೇ ಕೊಡುತ್ತದೆ. ಕ್ಲಚ್ ಬಿಡುವಾಗ ತುಸು ತಪ್ಪಿದರೂ ಗಾಡಿ ಥಟ್ಟನೆ ಆಫ್ ಆಗುವುದಿಲ್ಲ, ಜಿಗಿಯುವುದೂ ಇಲ್ಲ.

ಇದರ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಹಾಗಾಗಿ ಸ್ವಲ್ಪ ಹೊತ್ತಿನ ಹಾಫ್ ಕ್ಲಚ್ಚಿನ ಬಿಸಿಯನ್ನು ತಡೆದುಕೊಳ್ಳುತ್ತವೆ. ಕಾರಿನ ಆಯಿಲ್ ಹಾಕಬಾರದು ಎನ್ನುವುದೂ ಇದಕ್ಕೇ. ಹಲವು ಕಾರ್ ಆಯಿಲುಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುತ್ತವೆ, ಅವು ಸೇರಿದರೆ ಕ್ಲಚ್ ಜಾರತೊಡಗುತ್ತದೆ.

ಎಡಕ್ಕೆ ಹೋಗಲು ಎಡಗೈ ಮುಂದೆ

ವಿಮಾನ ಕಟ್ಟುವ ಮೊದಲು ರೈಟ್ ಸಹೋದರರು ಸೈಕಲ್ ಅಂಗಡಿ ನಡೆಸುತ್ತಿದ್ದರು. ಎಡಕ್ಕೆ ತಿರುಗುವ ಸವಾರ ಮೊದಲು ಹ್ಯಾಂಡಲನ್ನು ತುಸು ಬಲಕ್ಕೆ ತಿರುಗಿಸುತ್ತಾನೆ, ಆದರೆ ಅದು ಅವನಿಗೇ ಗೊತ್ತಿರುವುದಿಲ್ಲ ಎಂಬುದನ್ನು ವಿಲ್ಬರ್ ರೈಟ್ ಗಮನಿಸಿದ್ದರು. ಬೈಕಿಗೂ ಇದೇ ನಿಯಮ. ಎಡಕ್ಕೆ ತಿರುಗಲು ಗಾಡಿ ಎಡಕ್ಕೆ ವಾಲಬೇಕು. ವಾಲಲು ಚಕ್ರಗಳು ಗಾಡಿಯ ಕೆಳಗಿನಿಂದ ಬಲಕ್ಕೆ ಸರಿಯಬೇಕು. ಹ್ಯಾಂಡಲಿನ ಎಡ ತುದಿಯನ್ನು ಮೆತ್ತಗೆ ಮುಂದಕ್ಕೆ ಒತ್ತಿದರೆ ನಡೆಯುವುದು ಇದೇ. ಮುಂದಿನ ಚಕ್ರ ಕ್ಷಣಕಾಲ ಬಲಕ್ಕೆ ಹೋಗುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ, ನಂತರ ಎಡಕ್ಕೆ ತಿರುಗುತ್ತದೆ. ನಡಿಗೆಯ ವೇಗದಲ್ಲಿ ಇದು ಅನುಭವಕ್ಕೆ ಬರುವುದಿಲ್ಲ. ಗಂಟೆಗೆ 30 ಕಿಲೋಮೀಟರ್ ದಾಟಿದ ಮೇಲೆ ಸ್ಪಷ್ಟವಾಗಿ ತಿಳಿಯುತ್ತದೆ. ಖಾಲಿ ಮೈದಾನದಲ್ಲಿ ಹತ್ತು ಸಲ ಇದನ್ನು ಮಾಡಿ ನೋಡಿದವರಿಗೆ ಮುಂದೊಂದು ದಿನ ರಸ್ತೆಗುಂಡಿ ತಪ್ಪಿಸಬೇಕಾದಾಗ ಕೈ ತಾನಾಗಿಯೇ ಸರಿಯಾದ ಕಡೆ ಒತ್ತುತ್ತದೆ.

ಕ್ರೂಸರ್‌ಗಳ ಮುಂದಿನ ಫೋರ್ಕು ಮುಂದಕ್ಕೆ ಚಾಚಿಕೊಂಡಿರುತ್ತದೆ. ಸ್ಪೋರ್ಟ್ಸ್ ಬೈಕುಗಳಲ್ಲಿ ಈ ಓರೆ ಸುಮಾರು 24 ಡಿಗ್ರಿ ಇದ್ದರೆ ಹಲವು ಕ್ರೂಸರ್‌ಗಳಲ್ಲಿ ಅದಕ್ಕಿಂತ ಹೆಚ್ಚು. ಇದರಿಂದ ಚಕ್ರ ನೆಲ ಮುಟ್ಟುವ ಜಾಗ ಹ್ಯಾಂಡಲ್ ತಿರುಗುವ ಅಕ್ಷರೇಖೆಗಿಂತ ಹಿಂದೆ ಉಳಿಯುತ್ತದೆ. ಆಫೀಸಿನ ಕುರ್ಚಿಯ ಕೆಳಗಿನ ಪುಟ್ಟ ಚಕ್ರ ಎಳೆದ ದಿಕ್ಕಿಗೆ ತಾನಾಗಿ ಹೊಂದಿಕೊಳ್ಳುವಂತೆ ಈ ಚಕ್ರವೂ ನೇರಕ್ಕೆ ಮರಳುತ್ತದೆ. ಹೆದ್ದಾರಿಯಲ್ಲಿ ಕ್ರೂಸರ್ ಅಲುಗದೆ ಸಾಗುವುದಕ್ಕೆ ಇದೂ ಒಂದು ಕಾರಣ. ನೇರಕ್ಕೆ ಮರಳುವ ಈ ಹಟದಿಂದಾಗಿಯೇ ತಿರುವಿನಲ್ಲಿ ಗಾಡಿಗೆ ತುಸು ಹೆಚ್ಚು ಒತ್ತಾಯ ಬೇಕು.

ವಾಲಿಸುವುದಕ್ಕೂ ಮಿತಿಯಿದೆ. 20 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 30 ಕಿಲೋಮೀಟರಿನಲ್ಲಿ ದಾಟಲು ಗಾಡಿ ಸುಮಾರು 19 ಡಿಗ್ರಿ ವಾಲಿದರೆ ಸಾಕು. 40ರಲ್ಲಿ ದಾಟಲು ಸುಮಾರು 32 ಡಿಗ್ರಿ ಬೇಕು. ಹತ್ತೇ ಕಿಲೋಮೀಟರ್ ವೇಗ ಹೆಚ್ಚಿದ್ದಕ್ಕೆ ಇಷ್ಟು ವ್ಯತ್ಯಾಸ. ಕ್ರೂಸರ್‌ನ ಫುಟ್‌ರೆಸ್ಟ್ ತಗ್ಗಿನಲ್ಲಿರುವುದರಿಂದ ಬೇರೆ ಬೈಕುಗಳಿಗಿಂತ ಮೊದಲೇ ಅದು ರಸ್ತೆಗೆ ಉಜ್ಜುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಿಗೂ ಒಂದೇ ಸೂತ್ರ ಸಾಕು: ತಿರುವಿಗೆ ಮೊದಲೇ ವೇಗ ತಗ್ಗಲಿ, ಗೇರ್ ಇಳಿಯಲಿ, ತಿರುವಿನೊಳಗೆ ಆಕ್ಸಿಲರೇಟರ್ ಅಲುಗದಿರಲಿ.

ಮುಂದಿನ ಬ್ರೇಕಿನ ಭಯ

“ಮುಂದಿನ ಬ್ರೇಕ್ ಹಿಡೀಬೇಡ, ಪಲ್ಟಿ ಹೊಡೀತೀಯ.” ಸೈಕಲ್ ಕಲಿಯುವಾಗ ಕೇಳಿದ ಈ ಮಾತು ನಮ್ಮಲ್ಲಿ ಬಹಳ ಮಂದಿಯ ಬೆರಳುಗಳನ್ನು ಇಂದಿಗೂ ಕಟ್ಟಿಹಾಕಿದೆ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಸರಿಯುತ್ತದೆ ಎನ್ನುವುದು ನಿಜ. ಸವಾರನೂ ಸೇರಿ ಗುರುತ್ವಕೇಂದ್ರ 60 ಸೆಂಟಿಮೀಟರ್ ಎತ್ತರದಲ್ಲಿದ್ದು, ಮೀಟಿಯಾರ್‌ನಷ್ಟು ಉದ್ದದ ಗಾಡಿ ಜೋರಾಗಿ ನಿಲ್ಲುವಾಗ ಒಟ್ಟು ಭಾರದಲ್ಲಿ ಸುಮಾರು ಶೇ. 30 ಹಿಂದಿನ ಚಕ್ರದಿಂದ ಮುಂದಿನದಕ್ಕೆ ದಾಟುತ್ತದೆ. ಆಗ ಮುಂದಿನ ಟೈರು ರಸ್ತೆಯನ್ನು ಬಿಗಿಯಾಗಿ ಕಚ್ಚುತ್ತದೆ, ಹಿಂದಿನದು ಹಗುರಾಗಿ ಸುಲಭವಾಗಿ ಜಾರುತ್ತದೆ. ಹಿಂದಿನ ಬ್ರೇಕ್ ಒಂದನ್ನೇ ನೆಚ್ಚಿದವರು ಹೆಚ್ಚಿನ ಹಿಡಿತವಿರುವ ಚಕ್ರವನ್ನು ಬಿಟ್ಟುಕೊಟ್ಟಂತೆ.

ಗಾಡಿ ಉದ್ದವಾಗಿ ತಗ್ಗಿದಷ್ಟೂ ಪಲ್ಟಿಯಾಗುವ ಸಾಧ್ಯತೆ ಕಡಿಮೆ. ನೇರ ರಸ್ತೆಯಲ್ಲಿ ಕ್ರೂಸರ್‌ನ ಹಿಂದಿನ ಚಕ್ರ ಮೇಲೇಳುವ ಮೊದಲೇ ಸಾಮಾನ್ಯವಾಗಿ ಟೈರಿನ ಹಿಡಿತದ ಮಿತಿ ಬಂದಿರುತ್ತದೆ. ಮುಂದಿನ ಬ್ರೇಕನ್ನು ಕಿತ್ತುಕೊಂಡಂತೆ ಎಳೆಯದೆ, ಭಾರ ಮುಂದಕ್ಕೆ ಬರಲು ಅರೆಗಳಿಗೆ ಬಿಟ್ಟು, ಒದ್ದೆ ಬಟ್ಟೆ ಹಿಂಡುವ ಹಾಗೆ ಒತ್ತಡ ಏರಿಸಬೇಕು. ಹಿಂದಿನ ಬ್ರೇಕೂ ಜೊತೆಗಿರಲಿ. ಭಾರತದಲ್ಲಿ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಚಕ್ರ ಲಾಕ್ ಆಗುವ ಸೂಚನೆ ಸಿಕ್ಕ ಕೂಡಲೇ ಅದು ಒತ್ತಡವನ್ನು ಬಿಟ್ಟು ಹಿಡಿದು ಮಾಡುತ್ತದೆ. ಆಗ ಬೆರಳಿಗೋ ಪಾದಕ್ಕೋ ಅನುಭವವಾಗುವ ನಡುಕಕ್ಕೆ ಬೆದರಿ ಬ್ರೇಕ್ ಬಿಡಬೇಡಿ.

ಎಬಿಎಸ್ ಟೈರಿನ ಹಿಡಿತವನ್ನು ಹೆಚ್ಚಿಸುವುದಿಲ್ಲ. ರಸ್ತೆಯನ್ನು ಮುಟ್ಟಿರುವುದು ಟೈರಿನ ಅಂಗೈಯಗಲದ ಜಾಗ ಮಾತ್ರ. ಆ ಹಿಡಿತ ಬೇಸಿಗೆಯ ಮನೆಯ ಒಂದು ಕೊಡ ನೀರಿನಂತೆ. ತಿರುವಿಗೆ ಮುಕ್ಕಾಲು ಕೊಡ ಖರ್ಚಾದರೆ ಬ್ರೇಕಿಗೆ ಉಳಿಯುವುದು ಅಷ್ಟಿಷ್ಟೇ. ವಾಲಿದ ಗಾಡಿಯಲ್ಲಿ ಬ್ರೇಕ್ ಜಗ್ಗಿದವರು ಜಾರಿಬೀಳುವುದು ಹೀಗೆ. ಬೇಸಿಗೆಯ ನಂತರದ ಮೊದಲ ಮಳೆಯಲ್ಲಿ ರಸ್ತೆಯ ಎಣ್ಣೆ, ದೂಳು ನೀರಿನೊಂದಿಗೆ ಬೆರೆತಾಗ ಕೊಡವೇ ಚಿಕ್ಕದಾಗುತ್ತದೆ.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವಾಗ ಅಪಾಯ ಕಂಡು ಬ್ರೇಕಿಗೆ ಕೈಹಾಕಲು ಒಂದು ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 11 ಮೀಟರ್ ಸಾಗಿರುತ್ತೇವೆ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ನಿಲ್ಲಲು ಇನ್ನೂ 8 ಮೀಟರ್ ಬೇಕು. ಒಟ್ಟು 19. ವೇಗ 60 ಇದ್ದರೆ ಇದು ಸುಮಾರು 35 ಮೀಟರ್, 80 ಇದ್ದರೆ 54 ಮೀಟರ್. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದನ್ನೆಲ್ಲ ಬ್ರೇಕ್ ಶಾಖವಾಗಿ ಕರಗಿಸಬೇಕು.

ಕುರ್ಚಿಯಿಂದ ಏಳುವ ಪರೀಕ್ಷೆ

ಕುರ್ಚಿಯಲ್ಲಿ ಕೂತು ಕಾಲುಗಳನ್ನು ಮುಂದಕ್ಕೆ ಚಾಚಿ, ಬೆನ್ನು ಬಾಗಿಸದೆ ಏಳಲು ಪ್ರಯತ್ನಿಸಿ. ಆಗುವುದಿಲ್ಲ. ದೇಹದ ಭಾರ ಪಾದಗಳ ಮೇಲೆ ಬಂದರಷ್ಟೇ ಏಳಬಹುದು. ಕ್ರೂಸರ್ ಸವಾರರ ಪಾಡೂ ಇದೇ. ಬೇರೆ ಬೈಕುಗಳಲ್ಲಿ ಹಂಪ್ ಬಂದಾಗ ಫುಟ್‌ರೆಸ್ಟ್ ಮೇಲೆ ತುಸು ಎದ್ದರೆ ಮಂಡಿಗಳೇ ಸ್ಪ್ರಿಂಗಾಗಿ ಕೆಲಸ ಮಾಡುತ್ತವೆ. ಕ್ರೂಸರ್‌ನಲ್ಲಿ ಪಾದ ಮುಂದಿರುವುದರಿಂದ ಹಾಗೆ ಏಳುವುದು ಕಷ್ಟ, ಹೊಡೆತ ನೇರ ಬೆನ್ನುಮೂಳೆಗೆ ಬೀಳುತ್ತದೆ. ಹಂಪ್‌ಗಳಿಗೆ ನಿಜವಾಗಿಯೂ ನಿಧಾನಿಸಿ. ದೂರದ ಪಯಣದಲ್ಲಿ ಗಂಟೆಗೊಮ್ಮೆಯಾದರೂ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.

ಮೊದಲ 500 ಕಿಲೋಮೀಟರ್

ಹೊಸ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲಿ ಸೂಕ್ಷ್ಮವಾದ ಅಡ್ಡಗೀರುಗಳಿರುತ್ತವೆ. ಪಿಸ್ಟನ್ ರಿಂಗುಗಳು ಅವುಗಳ ಮೇಲೆ ಉಜ್ಜಿ ಉಜ್ಜಿ ಗೋಡೆಗೆ ಒಗ್ಗಿಕೊಳ್ಳಬೇಕು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ಏರಿಳಿತವಿರಲಿ. ಕಿರುಚುವಷ್ಟು ಎಳೆಯಬೇಡಿ. ದೊಡ್ಡ ಗೇರಿನಲ್ಲಿ ದಿಬ್ಬ ಹತ್ತಿಸಿ ಎಂಜಿನ್ನನ್ನು ಏದುಸಿರು ಬಿಡುವಂತೆಯೂ ಮಾಡಬೇಡಿ. ಈ ಉಜ್ಜಾಟದಲ್ಲಿ ಕಳಚಿದ ಲೋಹದ ಕಣಗಳು ಆಯಿಲಿಗೆ ಸೇರುತ್ತವೆ. ಮೊದಲ ಸರ್ವಿಸ್ ತಪ್ಪಿಸಬಾರದು ಎನ್ನುವುದು ಇದಕ್ಕೇ. ಹೊಸ ಟೈರಿನ ಮೈಯೂ ನುಣುಪು. ಮೊದಲ ನೂರು, ನೂರೈವತ್ತು ಕಿಲೋಮೀಟರ್ ತಿರುವುಗಳಲ್ಲಿ ಮೆಲ್ಲಗೆ ಹೋಗಿ. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ ನೋಡಿ. ಚೈನನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಸಡಿಲ ಇಟ್ಟು ಆಗಾಗ ಲೂಬ್ ಹಾಕಿ.

ಎಂಜಿನ್ ಒಗ್ಗಿಕೊಳ್ಳುವ ಈ ದಿನಗಳು ಸವಾರರೂ ಒಗ್ಗಿಕೊಳ್ಳುವ ದಿನಗಳಾಗಲಿ. ಭಾನುವಾರ ಬೆಳಗ್ಗೆ ಖಾಲಿ ಮೈದಾನಕ್ಕೆ ಹೋಗಿ. ಐಎಸ್‌ಐ ಮುದ್ರೆಯ ಹೆಲ್ಮೆಟ್ ತೊಟ್ಟು ಪಟ್ಟಿ ಬಿಗಿದುಕೊಳ್ಳಿ. ಹಾಫ್ ಕ್ಲಚ್ಚಿನಲ್ಲಿ ಎಂಟರ ಆಕಾರದ ಸುತ್ತು, 30ರಲ್ಲಿ ಹ್ಯಾಂಡಲ್ ಒತ್ತಿ ತಿರುಗುವುದು, 40ರಿಂದ ಎರಡೂ ಬ್ರೇಕ್ ಹಿಡಿದು ನಿಲ್ಲುವುದು: ಈ ಮೂರನ್ನು ವಾರಕ್ಕೆ ಅರ್ಧ ಗಂಟೆಯಂತೆ ಒಂದು ತಿಂಗಳು ಅಭ್ಯಾಸ ಮಾಡಿ. ಆಮೇಲೆ ಘಾಟಿಗೆ ಹೊರಡಿ. ತಗ್ಗಿದ ಸೀಟು ಕೊಡುವುದು ಧೈರ್ಯವನ್ನು ಮಾತ್ರ, ಕೌಶಲವನ್ನು ಅಭ್ಯಾಸವೇ ಕೊಡಬೇಕು.