ಹಳೆಯ ನೆಟ್‌ವರ್ಕ್ ಕಾರ್ಡ್ ಮತ್ತು ಲಿನಕ್ಸ್ ಡ್ರೈವರ್: ಕಲಿಸುವ ಒಂದು ಕ್ರಮ

ಶಾಲೆಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ ಮೇಲೆ ನೆಟ್‌ವರ್ಕ್ ಬರದಿದ್ದರೆ ‘ಕಾರ್ಡ್ ಕೆಟ್ಟಿದೆ’ ಎಂದು ಯಂತ್ರವನ್ನು ಮೂಲೆಗೆ ಸರಿಸುವುದು ಸುಲಭ. ಕಾರ್ಡ್ ಸರಿಯಿದ್ದೂ ನೆಟ್‌ವರ್ಕ್ ಬಾರದಿರಲು ಬೇರೆ ಕಾರಣಗಳಿರುತ್ತವೆ. ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ಆ ಕಾರಣಗಳನ್ನು ನಾನು ಈ ಕ್ರಮದಲ್ಲಿ ವಿವರಿಸುತ್ತೇನೆ.

ಪರಿಕಲ್ಪನೆ: ಡ್ರೈವರ್ ಎಂದರೆ ಕಾರ್ಯಾಚರಣಾ ವ್ಯವಸ್ಥೆಗೂ ಕಾರ್ಡಿಗೂ ನಡುವಿನ ದುಭಾಷಿ. ಪ್ರತಿ ಪಿಸಿಐ ಕಾರ್ಡಿನಲ್ಲೂ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಎಂಬ ಎರಡು ಗುರುತುಗಳಿರುತ್ತವೆ. ರಿಯಲ್‌ಟೆಕ್‌ನ ಹಳೆಯ 8139 ಕಾರ್ಡಿನ ಗುರುತು 10ಇಸಿ:8139. ಯಾವ ಡ್ರೈವರಿನ ಪಟ್ಟಿಯಲ್ಲಿ ಈ ಗುರುತು ಇದೆಯೋ ಅದನ್ನು ಲಿನಕ್ಸ್ ತಾನೇ ಜೋಡಿಸಿಕೊಳ್ಳುತ್ತದೆ. ಇಲ್ಲಿ ಆ ಡ್ರೈವರಿನ ಹೆಸರು ‘8139ಟೂ’. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಈ ಕಾರ್ಡಿಗೆ ಸಿ.ಡಿ. ಹುಡುಕಬೇಕಾಗಿಲ್ಲ, ಡ್ರೈವರ್ ಕರ್ನಲ್ ಜೊತೆಗೇ ಬರುತ್ತದೆ.

ಚಟುವಟಿಕೆ: ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಆದೇಶ ಕೊಡಿಸಿ. (ಆದೇಶವನ್ನು ಕಪ್ಪುಹಲಗೆಯ ಮೇಲೆ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆಯಬೇಕು.) ಅದು ಕಾರ್ಡಿನ ಗುರುತನ್ನೂ ಬಳಕೆಯಲ್ಲಿರುವ ಡ್ರೈವರನ್ನೂ ತೋರಿಸುತ್ತದೆ. ಮುಂದಿನ ಹೆಜ್ಜೆಯನ್ನು ಉತ್ತರವೇ ಹೇಳುತ್ತದೆ.

1. ಕಾರ್ಡೇ ಕಾಣಿಸದಿದ್ದರೆ, ಯಂತ್ರವನ್ನು ಆರಿಸಿ ಕಾರ್ಡನ್ನು ಸರಿಯಾಗಿ ಕೂರಿಸಿ ನೋಡಬೇಕು.

2. ಕಾರ್ಡೂ ಡ್ರೈವರೂ ಕಂಡರೆ, ಕೇಬಲ್, ಸ್ವಿಚ್, ಐಪಿ ವಿಳಾಸ ಇವುಗಳ ಕಡೆ ತಿರುಗಬೇಕು. ವೈಫೈ ಕಾರ್ಡಾದರೆ ‘ಡಿಮೆಸೆಜ್’ ಆದೇಶ ತೋರಿಸುವ ಸಂದೇಶಗಳನ್ನು ಓದಬೇಕು: ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೆ ಓಡುವ ಕಿರು ತಂತ್ರಾಂಶ, ಇಲ್ಲದಿರಬಹುದು. 2023ರ ಡೆಬಿಯನ್ 12ರಿಂದ ಮುಕ್ತವಲ್ಲದ ಫರ್ಮ್‌ವೇರ್ ಕೂಡ ಅಧಿಕೃತ ಅನುಸ್ಥಾಪನಾ ಪ್ರತಿಯಲ್ಲೇ ಸೇರಿದೆ. ಆದರೂ ಬ್ರಾಡ್‌ಕಾಮ್‌ನ ಕೆಲವು ಹಳೆಯ ವೈಫೈ ಚಿಪ್‌ಗಳ ಫರ್ಮ್‌ವೇರನ್ನು ಹಂಚಲು ಅನುಮತಿಯಿಲ್ಲ. ಅದನ್ನು ಬಳಕೆದಾರರೇ ಬೇರೆಯಾಗಿ ಇಳಿಸಿಕೊಳ್ಳಬೇಕು. ಅದಕ್ಕೆ ಸ್ವಲ್ಪ ಹೊತ್ತು ಕೇಬಲ್ ಸಂಪರ್ಕ ಬೇಕು.

3. ಕಾರ್ಡ್ ಕಂಡು ಡ್ರೈವರ್ ಕಾಣದಿದ್ದರೆ, ಆ ಗುರುತಿಗೆ ಡ್ರೈವರ್ ಇದೆಯೇ, ಈಗಿನ ಆವೃತ್ತಿಯಲ್ಲಿ ಉಳಿದಿದೆಯೇ ಎಂದು ನೋಡಬೇಕು.

ಮೂರನೆಯ ಸಂದರ್ಭವೇ ಚರ್ಚೆಗೆ ಯೋಗ್ಯ. ಮುಕ್ತ ತಂತ್ರಾಂಶದಲ್ಲಿ ಹಳೆಯದೆಲ್ಲ ಶಾಶ್ವತವಾಗಿ ಉಳಿಯುತ್ತದೆ ಎಂದು ಅನೇಕರು ಭಾವಿಸುತ್ತಾರೆ. 2021ರ ಫ್ರೀಬಿಎಸ್‌ಡಿ 13.0ರಲ್ಲಿ ಹಳೆಯ 10 ಮತ್ತು 100 ಮೆಗಾಬಿಟ್ ಕಾರ್ಡುಗಳ ಹಲವು ಡ್ರೈವರುಗಳನ್ನು ಕೈಬಿಟ್ಟರು. ಎನ್‌ಇ2000 ಬಗೆಯ ಕಾರ್ಡುಗಳ ‘ಇಡಿ’ ಡ್ರೈವರ್ ಅವುಗಳಲ್ಲೊಂದು. 8139ರ ‘ಆರ್‌ಎಲ್’ ಡ್ರೈವರ್ ಉಳಿಯಿತು. ಕರ್ನಲ್‌ನ ಒಳರಚನೆ ಬದಲಾದಾಗಲೆಲ್ಲ ಪ್ರತಿ ಡ್ರೈವರನ್ನೂ ಯಾರಾದರೂ ತಿದ್ದಬೇಕು, ನಿಜವಾದ ಕಾರ್ಡಿನಲ್ಲಿ ಪರೀಕ್ಷಿಸಬೇಕು. ಬಳಸುವವರೂ ಪರೀಕ್ಷಿಸುವವರೂ ಇಲ್ಲದ ಡ್ರೈವರ್ ಹೊರೆಯಾಗುತ್ತದೆ. ಮೂಲ ಸಂಕೇತ ಎಲ್ಲರಿಗೂ ತೆರೆದಿದೆ ಎಂಬುದು ಒಂದು ಮಾತು, ಅದನ್ನು ನೋಡಿಕೊಳ್ಳುವವರಿದ್ದಾರೆ ಎಂಬುದು ಇನ್ನೊಂದು. ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಗ್ರಹಿಸಿದರೆ ಪಾಠದ ಉದ್ದೇಶ ಈಡೇರಿದಂತೆ.

ಹಳೆಯ ಕಾರ್ಡ್ ಸಿಗದ ಶಾಲೆಯಲ್ಲೂ ಈ ಪಾಠ ಮಾಡಬಹುದು. ಕ್ಯುಇಎಂಯು ಎಂಬ ಮುಕ್ತ ತಂತ್ರಾಂಶ 8139 ಕಾರ್ಡನ್ನು ಅನುಕರಿಸುತ್ತದೆ. ಅದರೊಳಗೆ ಲಿನಕ್ಸ್ ಚಾಲೂ ಮಾಡಿ ಇದೇ ಆದೇಶ ಕೊಟ್ಟರೆ ಅದೇ ಗುರುತು ಕಾಣುತ್ತದೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ‘ಕಾರ್ಡ್ ಪಟ್ಟಿಯಲ್ಲಿದೆ, ಡ್ರೈವರ್ ಇಲ್ಲ. ಈ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಏನೇನು ನೋಡುವಿರಿ?’ ಡ್ರೈವರ್ ಉಳಿದಿರುವ ಬೇರೊಂದು ಹಳೆಯ ಕಾರ್ಡನ್ನು ಹಾಕಿ ನೋಡುತ್ತೇವೆ ಎಂಬ ಉತ್ತರಕ್ಕೂ ನಾನು ಪೂರ್ಣ ಅಂಕ ಕೊಡುತ್ತೇನೆ.