ವಿನಿಗರ್ ಪರೀಕ್ಷೆಯೂ ಎರಡು ದೇಶಗಳ ಒಪ್ಪಂದವೂ



ಮುಂಬೈನಲ್ಲಿರುವ ನಿಮಗೆ ಪರೇಲ್‌ನ ಟಾಟಾ ಆಸ್ಪತ್ರೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ನೆಂಟರೊಬ್ಬರು ಕೈಯಲ್ಲಿ ದಪ್ಪ ಫೈಲು ಹಿಡಿದು ರೈಲು ಇಳಿದರೆಂದರೆ, ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸ ನಮ್ಮವರ ಪಾಲಿಗೆ ಬಂದೇ ಬರುತ್ತದೆ. 1941ರಲ್ಲಿ ಬಾಗಿಲು ತೆರೆದ ಈ ಆಸ್ಪತ್ರೆ ಚಿಕಿತ್ಸೆಯ ಜೊತೆಗೆ ಸಂಶೋಧನೆಯನ್ನೂ ಮಾಡುತ್ತದೆ, ಅದಕ್ಕೆ ಹೊರದೇಶದ ಹಣವೂ ಬಂದದ್ದುಂಟು ಎನ್ನುವುದು ಮಾತ್ರ ಎಷ್ಟೋ ಜನರಿಗೆ ಗೊತ್ತಿಲ್ಲ.

ಭಾರತ ಮತ್ತು ಇಂಥ ದೇಶದ ನಡುವೆ ಕ್ಯಾನ್ಸರ್ ಸಂಶೋಧನೆಗೆ ಒಪ್ಪಂದವಾಯಿತು ಎಂದು ಸುದ್ದಿಯಲ್ಲಿ ಆಗಾಗ ಕೇಳುತ್ತೀರಿ. ಸಹಿ ಬೀಳುತ್ತದೆ, ಫೋಟೋ ಬರುತ್ತದೆ, ಸುದ್ದಿ ಮುಗಿಯುತ್ತದೆ. ಇಂಥ ಕೆಲಸಕ್ಕೆ ಇಳಿಯುವ ಮೊದಲು ಎರಡೂ ಕಡೆಯವರು ಕೂತು ಏನೇನು ತೀರ್ಮಾನಿಸಿಕೊಳ್ಳಬೇಕು? ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ, ಮುಂಬೈನ ಕೊಳೆಗೇರಿಗಳಲ್ಲೇ ನಡೆದ ಒಂದು ಅಧ್ಯಯನ ಸಾಕು.

ಅದು ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಸಂಬಂಧಿಸಿದ್ದು. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಈ ರೋಗ ಬಂದಿತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. ಅಮೆರಿಕದಲ್ಲಿ ಪ್ಯಾಪ್ ಪರೀಕ್ಷೆ ಬಳಕೆಗೆ ಬಂದ ಮೇಲೆ ಈ ರೋಗದ ಸಾವು ಬಹಳ ಇಳಿದುಹೋಗಿದೆ. ಆದರೆ ಪ್ಯಾಪ್ ಪರೀಕ್ಷೆಗೆ ಪ್ರಯೋಗಾಲಯ ಬೇಕು, ಸ್ಲೈಡನ್ನು ನೋಡಿ ಹೇಳಬಲ್ಲ ತಜ್ಞರು ಬೇಕು, ವರದಿಗೆಂದು ಹೆಂಗಸು ಮತ್ತೊಮ್ಮೆ ಬರಬೇಕು. ದಿನಗೂಲಿ ಬಿಟ್ಟು ಬಂದವಳು ಎರಡನೆಯ ಸಲ ಬರುವಳೆಂಬ ಭರವಸೆ ಏನು?

ಅದಕ್ಕೆ ಬದಲಾಗಿ ಒಂದು ಸುಲಭದ ಪರೀಕ್ಷೆ ಇದೆ. ನಮ್ಮ ಅಡುಗೆಮನೆಯ ವಿನಿಗರ್‌ನಲ್ಲಿರುವುದೂ ಅಸಿಟಿಕ್ ಆಮ್ಲವೇ. ಅದರ ಶೇಕಡಾ 4ರ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾದರೆ, ಕೆಟ್ಟ ಜೀವಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಬರಿಗಣ್ಣಿಗೇ ಕಾಣುತ್ತದೆ. ಹತ್ತನೆಯ ತರಗತಿ ಓದಿದ ಹೆಂಗಸರಿಗೆ ನಾಲ್ಕು ವಾರ ತರಬೇತಿ ಕೊಟ್ಟು ಈ ಕೆಲಸ ಮಾಡಿಸಿದರೆ ಸಾವು ನಿಜವಾಗಿ ಕಡಿಮೆಯಾದೀತೇ? ಇದೇ ಟಾಟಾ ಆಸ್ಪತ್ರೆಯವರ ಪ್ರಶ್ನೆ. ಹಣ ಕೊಟ್ಟದ್ದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ. ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ರೋಗ ಹೆಚ್ಚಿರುವ ಕಡೆಯೇ ನೋಡಬೇಕು. ಹಾಗಾಗಿ ಹಣ ಒಂದು ದೇಶದ್ದಾಯಿತು, ಹೆಂಗಸರು ಇನ್ನೊಂದು ದೇಶದವರಾದರು.

ಕೆಲಸ 1998ರಲ್ಲಿ ಶುರುವಾಯಿತು. ಕೊಳೆಗೇರಿಗಳನ್ನು 20 ಗುಂಪು ಮಾಡಿ, ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನ 75,360 ಹೆಂಗಸರಿಗೆ ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಸಲ ಪರೀಕ್ಷೆಗೆ ಕರೆ. ಇನ್ನೊಂದು ಪಾಲಿನ 76,178 ಹೆಂಗಸರಿಗೆ ಆರಂಭದಲ್ಲಿ ಒಮ್ಮೆ ಕ್ಯಾನ್ಸರ್ ಬಗ್ಗೆ ತಿಳಿವಳಿಕೆ ಹೇಳಿದರು, ಪರೀಕ್ಷೆ ಇಲ್ಲ. ಎಲ್ಲರೂ 35ರಿಂದ 64 ವಯಸ್ಸಿನವರು. 2013ರ ಜೂನ್‌ನಲ್ಲಿ ಡಾ. ಸುರೇಂದ್ರ ಶಾಸ್ತ್ರಿಯವರು ಷಿಕಾಗೋದ ದೊಡ್ಡ ಕ್ಯಾನ್ಸರ್ ಸಮ್ಮೇಳನದಲ್ಲಿ ಫಲಿತಾಂಶ ಮುಂದಿಟ್ಟರು. ಪರೀಕ್ಷೆ ಸಿಕ್ಕ ಪಾಲಿನಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು ಶೇಕಡಾ 31ರಷ್ಟು ಕಡಿಮೆ. ಇದನ್ನು ದೇಶಕ್ಕೆಲ್ಲ ಹಬ್ಬಿಸಿದರೆ ಭಾರತದಲ್ಲಿ ವರ್ಷಕ್ಕೆ 22 ಸಾವಿರ ಸಾವು ತಪ್ಪಿಸಬಹುದೆಂದು ಅವರ ಲೆಕ್ಕ. ಪ್ರಪಂಚದ ಪತ್ರಿಕೆಗಳೆಲ್ಲ ವಿನಿಗರ್ ಕಥೆಯನ್ನು ಮೆಚ್ಚಿ ಬರೆದವು.

ಜಗಳವಾದದ್ದು ಪರೀಕ್ಷೆ ಸಿಗದ ಆ ಇನ್ನೊಂದು ಪಾಲಿನ ಬಗ್ಗೆ. ತಡೆಯಬಹುದಾದ ರೋಗವೆಂದು ಗೊತ್ತಿದ್ದೂ ಇಷ್ಟು ಸಾವಿರ ಹೆಂಗಸರನ್ನು ವರ್ಷಗಟ್ಟಲೆ ಬರೀ ಗಮನಿಸುತ್ತಾ ಕೂರಬಹುದೇ? ಅಮೆರಿಕ ತನ್ನ ಹೆಂಗಸರನ್ನು ಹೀಗೆ ಪರೀಕ್ಷೆಯಿಲ್ಲದೆ ಬಿಡುತ್ತಿತ್ತೇ? ಅಮೆರಿಕದ ಡಾ. ಎರಿಕ್ ಸುಬಾ ಇದನ್ನೇ ಗಟ್ಟಿಯಾಗಿ ಕೇಳಿದರು. ದೂರು ಅಲ್ಲಿನ ಸರ್ಕಾರದ ಕಚೇರಿಯವರೆಗೂ ಹೋಯಿತು. ಅಧ್ಯಯನ ಮಾಡಿದವರ ಉತ್ತರ ಬೇರೆ: ಭಾರತದಲ್ಲಿ ಆಗ ಯಾರಿಗೂ ಸರ್ಕಾರದಿಂದ ಇಂಥ ತಪಾಸಣೆ ಇರಲಿಲ್ಲ, ನಾವು ಯಾರಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ, ಹೋಲಿಸಿ ನೋಡದೆ ಸಾವು ಕಡಿಮೆಯಾಗುತ್ತದೆಂದು ಸಾಬೀತು ಮಾಡಲು ಬರುವುದಿಲ್ಲ, ಸಾಬೀತಾಗದೆ ಯಾವ ಸರ್ಕಾರವೂ ಹಣ ಬಿಚ್ಚುವುದಿಲ್ಲ. ಫಲಿತಾಂಶ ಬಂದ ಮೇಲೆ ಉಳಿದ ಹೆಂಗಸರಿಗೂ ಪರೀಕ್ಷೆ ಮಾಡುವುದಾಗಿ ಅವರು ಹೇಳಿದರು.

ನನಗೆ ಎರಡೂ ಮಾತಿನಲ್ಲಿ ತೂಕ ಕಾಣುತ್ತದೆ. ಆದರೆ ಈ ವಾದ ನಡೆಯಬೇಕಾದದ್ದು ಹದಿನೈದು ವರ್ಷ ಕಳೆದ ಮೇಲೆ ಅಲ್ಲ, ಯೋಜನೆ ಬರೆಯುವ ಮೇಜಿನ ಮೇಲೆ. ಹೋಲಿಕೆಗೆ ನಿಂತವರಿಗೆ ಕನಿಷ್ಠ ಏನು ಕೊಡುತ್ತೇವೆ, ಯಾವ ಹಂತದಲ್ಲಿ ಅವರಿಗೂ ಪರೀಕ್ಷೆ ಶುರು ಮಾಡುತ್ತೇವೆ, ಮರಾಠಿಯಲ್ಲೋ ಕನ್ನಡದಲ್ಲೋ ಮಾತಾಡುವ ಹೆಂಗಸಿಗೆ ತಾನು ಯಾವ ಪಾಲಿನಲ್ಲಿದ್ದೇನೆ, ತನಗೆ ಏನು ಸಿಗುವುದಿಲ್ಲ ಎಂಬುದನ್ನು ಹೇಗೆ ತಿಳಿಸುತ್ತೇವೆ ಎಂಬುದು ಮೊದಲ ಪುಟದಲ್ಲೇ ಇರಬೇಕು.

ಈಗ ದಾರಿ ಸ್ವಲ್ಪ ಬಿಗಿಯಾಗಿದೆ. ಹೊರದೇಶದ ಜೊತೆಗಿನ ಆರೋಗ್ಯ ಸಂಶೋಧನೆ ಆಸ್ಪತ್ರೆಯ ನೀತಿ ಸಮಿತಿಯನ್ನಷ್ಟೇ ದಾಟಿದರೆ ಸಾಲದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸುವ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮುಂದೆಯೂ ಬರಬೇಕು. ರಕ್ತ, ಗಡ್ಡೆಯ ಚೂರು ಹೊರಗೆ ಹೋಗುವುದಾದರೆ ಏಕೆ, ಎಷ್ಟು, ಉಳಿದದ್ದರ ಗತಿ ಏನು ಎಂಬುದಕ್ಕೆ ಲಿಖಿತ ಒಪ್ಪಂದ ಬೇಕು. ಮಾಹಿತಿ ಯಾರದ್ದು, ಪ್ರಬಂಧದಲ್ಲಿ ಹೆಸರು ಯಾರದ್ದು, ಔಷಧಿ ಹೊರಬಂದರೆ ಹಕ್ಕು ಯಾರದ್ದು ಎಂಬುದನ್ನೂ ಮೊದಲೇ ಬರೆದುಕೊಳ್ಳುವುದು ಜಾಣತನ. ಮದುವೆಗೆ ಮುಂಚೆ ಮಾತುಕತೆ ಆಡಿದ ಹಾಗೆ ಎನ್ನಿ, ಆಗ ಸಂಕೋಚಪಟ್ಟರೆ ಆಮೇಲೆ ಮನಸ್ತಾಪ.

ಹಣದ ಪದ್ಧತಿಯೂ ಬದಲಾಗಿದೆ. ಭಾರತದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ಕ್ಯಾನ್ಸರ್ ರಿಸರ್ಚ್ ಯುಕೆ ಸಂಸ್ಥೆ 2018ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಐದು ವರ್ಷಕ್ಕೆ 1 ಕೋಟಿ ಪೌಂಡ್ ಗೊತ್ತುಮಾಡಿದರು, ಎರಡೂ ಕಡೆಯವರದು ಅರ್ಧರ್ಧ. ವಿಷಯ, ಕಡಿಮೆ ಖರ್ಚಿನಲ್ಲಿ ಕ್ಯಾನ್ಸರ್ ತಡೆ ಮತ್ತು ಚಿಕಿತ್ಸೆ. ಪೂರ್ತಿ ಹಣ ಕೊಟ್ಟವನು ಪ್ರಶ್ನೆಯನ್ನೂ ತಾನೇ ಆರಿಸಿಬಿಡುವ ಸಂಭವ ಹೆಚ್ಚು. ಅರ್ಧ ಹಣ ನಮ್ಮದಾದರೆ ತಂಬಾಕಿನಿಂದ ಬರುವ ಬಾಯಿ ಕ್ಯಾನ್ಸರಿನಂಥ ನಮ್ಮ ಪೀಡೆಗಳೂ ಪಟ್ಟಿಯಲ್ಲಿ ಮೇಲೆ ಬಂದಾವು.

ಇಷ್ಟಾದರೂ ಎಲ್ಲರೂ ಮರೆಯುವ ಒಂದು ಪುಟ ಇದೆ: ಫಲಿತಾಂಶ ಬಂದ ಮರುದಿನ ಏನು? ಭಾರತ ಸರ್ಕಾರ 2016ರಲ್ಲಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠ ತಪಾಸಣೆಗೆ ಮಾರ್ಗಸೂಚಿ ತಂದಿತು. ವಿನಿಗರ್ ಪರೀಕ್ಷೆ ಅದರಲ್ಲಿ ಸೇರಿತು. ಆದರೆ 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ಇಬ್ಬರೂ ಇಲ್ಲ, ಶೇಕಡಾ 1.9. ಅಷ್ಟರಲ್ಲಿ ವಿಜ್ಞಾನವೂ ಮುಂದೆ ಹೋಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸಾಧ್ಯವಿರುವ ಕಡೆ ಎಚ್‌ಪಿವಿ ವೈರಸ್ಸನ್ನು ಹುಡುಕುವ ಪರೀಕ್ಷೆಯನ್ನೇ ಮೊದಲು ಮಾಡಿ ಎಂದು ಹೇಳಿತು. ಒಂದೂವರೆ ಲಕ್ಷ ಹೆಂಗಸರ ಸಹಕಾರದಿಂದ ಸಿಕ್ಕ ಉತ್ತರ ಅವರ ನೆರೆಹೊರೆಗೇ ತಲುಪಲು ಇಷ್ಟು ತಡ.

ನಿಮ್ಮ ಮನೆ ಬಾಗಿಲಿಗೋ, ಆಸ್ಪತ್ರೆಯ ಮಂಚದ ಪಕ್ಕಕ್ಕೋ ಯಾರಾದರೂ ಇಂಥ ಅಧ್ಯಯನದ ಸಮ್ಮತಿ ಪತ್ರ ಹಿಡಿದು ಬಂದರೆ ಗಾಬರಿ ಬೇಡ, ಅವಸರವೂ ಬೇಡ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸುವುದು ಅವರ ಕರ್ತವ್ಯ. ಹಣ ಯಾರದ್ದು, ನೀವು ಯಾವ ಪಾಲಿಗೆ ಬೀಳಬಹುದು, ತೊಂದರೆಯಾದರೆ ಖರ್ಚು ಯಾರು ಕೊಡುತ್ತಾರೆ ಎಂದು ಕೇಳಿ. ಪತ್ರದ ಒಂದು ಪ್ರತಿ ಇಟ್ಟುಕೊಳ್ಳಿ. ಮಧ್ಯದಲ್ಲಿ ಬಿಟ್ಟು ಬಂದರೂ ನಿಮ್ಮ ಮಾಮೂಲು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಔಷಧ ಅಥವಾ ಚಿಕಿತ್ಸೆಯ ಪ್ರಯೋಗವಾದರೆ, 2007ರಲ್ಲಿ ಶುರುವಾದ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿಯಲ್ಲಿ ಅದರ ಹೆಸರಿದೆಯೇ ಎಂದು ಮನೆಯ ಮಕ್ಕಳ ಕೈಯಲ್ಲಿ ಇಂಟರ್‌ನೆಟ್‌ನಲ್ಲಿ ಹುಡುಕಿಸಿ. ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು.