ಹುಳ ಬಿದ್ದ ಗಾಯಕ್ಕೆ ಹಟ್ಟಿಯಲ್ಲೇ ಮುಲಾಮು

ಕಳೆದ ವರ್ಷ ಆಟಿ ತಿಂಗಳಲ್ಲಿ ಬಿಡದೆ ಮಳೆ. ನಮ್ಮ ದನದ ಹಿಂಗಾಲಿನ ಗೊರಸಿನ ಸಂದಿಯಲ್ಲಿ ಚಿಕ್ಕ ಗಾಯ ಆಗಿತ್ತು. ತೋಟದ ಕೆಲಸದ ಗಡಿಬಿಡಿಯಲ್ಲಿ ನಾನು ಗಮನಿಸಲಿಲ್ಲ. ನಾಲ್ಕನೇ ದಿನ ದನ ಕಾಲೂರುವುದೇ ಇಲ್ಲ, ಹಾಲೂ ಅರ್ಧಕ್ಕಿಳಿಯಿತು. ಕಾಲೆತ್ತಿ ನೋಡಿದರೆ ನಾತ, ಒಳಗೆ ಹುಳ. ಗಾಬರಿಯಲ್ಲಿ ಫಿನಾಯಿಲ್ ಸುರಿದೆ.

ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ನೆರೆಯಲ್ಲಿದ್ದಾರೆ. ಬಂದು ನೋಡಿದವರೇ, "ಏನು ಮಾರಾಯ್ರೆ, ಹುಳ ಕೊಲ್ಲಲಿಕ್ಕೆ ಹೋಗಿ ಮಾಂಸ ಸುಟ್ಟಿದ್ದೀರಲ್ಲ! ದನ ಅದನ್ನು ನೆಕ್ಕಿದರೆ ಹೊಟ್ಟೆಗೂ ಹೋಗ್ತದೆ" ಎಂದರು. ಕೆಲವರು ಕೀಟನಾಶಕವನ್ನೇ ಹಾಕುವುದುಂಟು. ಅದಂತೂ ಇನ್ನೂ ಅಪಾಯ.

ಮೊದಲು ತೊಳೆಯುವ ಕೆಲಸ. ಬಿಸಿ ಮಾಡಿ ಆರಿಸಿದ ನೀರಿಗೆ ಪೊಟಾಶಿಯಂ ಪರ್ಮಾಂಗನೇಟಿನ ಎರಡು ಮೂರು ಹರಳು, ನೀರು ತಿಳಿ ಗುಲಾಬಿ ಆಗುವಷ್ಟೇ. ಬಣ್ಣ ಗಾಢವಾದರೆ ಅದೂ ಸುಡುತ್ತದೆ. ಆಮೇಲೆ ಕರ್ಪೂರ ಕರಗಿಸಿದ ತೆಂಗಿನೆಣ್ಣೆಯಲ್ಲಿ ಹತ್ತಿ ಅದ್ದಿ ಗಾಯದೊಳಗೆ ತುರುಕಿದರು. ಉಸಿರಾಡಲಿಕ್ಕಾಗದೆ ಹುಳಗಳು ಮೇಲೆ ಬಂದವು. ಚಿಮುಟದಲ್ಲಿ ಒಂದೊಂದೇ ತೆಗೆದು ಬಿಸಿನೀರಿಗೆ ಹಾಕಿದೆವು. ನೆಲಕ್ಕೆ ಬಿಟ್ಟರೆ ಬೆಳೆದ ಹುಳ ಮಣ್ಣಿಗಿಳಿದು ನೊಣವಾಗಿ ಮತ್ತೆ ಹಟ್ಟಿಗೇ ಬರುತ್ತದೆ. ಕರ್ಪೂರದೆಣ್ಣೆ ಮೊದಲ ದಿನಕ್ಕೆ ಮಾತ್ರ.

ಮರುದಿನದಿಂದ ಮುಲಾಮು. ಕುಪ್ಪಿಗಿಡ, ಕಹಿಬೇವು, ತುಳಸಿ, ಮದರಂಗಿ, ಈ ನಾಲ್ಕರ ಎಲೆ ಒಂದೊಂದು ಮುಷ್ಟಿ, ಬೆಳ್ಳುಳ್ಳಿ ಹತ್ತು ಎಸಳು, ಅರಶಿನ ಪುಡಿ 20 ಗ್ರಾಂ. ಅರೆದು ಅರ್ಧ ಲೀಟರ್ ತೆಂಗಿನೆಣ್ಣೆಯಲ್ಲಿ ಕುದಿಸಿ ಆರಿಸುವುದು. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುವ ಮನೆಮದ್ದಿನಲ್ಲೂ ಇವೇ ವಸ್ತುಗಳಿವೆ. ದಿನಕ್ಕೆರಡು ಸಲ, ಪ್ರತಿ ಸಲವೂ ತೊಳೆದು ಒರಸಿದ ಮೇಲೆಯೇ. ನೊಣ ಕೂರದ ಹಾಗೆ ಗಾಯದ ಸುತ್ತ ಬೇವಿನೆಣ್ಣೆ.

ಎಲ್ಲ ಗಾಯಕ್ಕೂ ಒಂದೇ ಮದ್ದಲ್ಲ ಎಂಬುದು ಕಂಪೌಂಡರರ ವಾದ. ಟ್ಯೂಬುಗಳು ಬರುವ ಮೊದಲು ಗಾಯ ನೋಡಿ ಅಲ್ಲೇ ಮುಲಾಮು ಕಲಸುತ್ತಿದ್ದರಂತೆ. ನೀರು ಒಸರುವ ಗಾಯಕ್ಕೆ ಝಿಂಕ್ ಆಕ್ಸೈಡ್, ಬಿರಿದು ಒಣಗಿದ್ದಕ್ಕೆ ಎಣ್ಣೆಯ ಮದ್ದು. ಒಡೆಯದ ಬಾವಿಗೆ ಮೆಗ್ನೀಶಿಯಂ ಸಲ್ಫೇಟನ್ನು ಗ್ಲಿಸರಿನ್‌ನಲ್ಲಿ ಕಲಸಿದ ಲೇಪ, ಅದು ಒಳಗಿನ ನೀರು ಹೀರಿಕೊಂಡು ಬಾವು ಇಳಿಸುತ್ತದೆ. ಅಡಿಕೆಮರಕ್ಕೆ ಹಾಕುವ ಚೀಲ ನಮ್ಮಲ್ಲೇ ಇದೆಯಲ್ಲ ಎಂದೆ. "ಗೊಬ್ಬರದ್ದು ಬೇಡ, ಮದ್ದಿನಂಗಡಿಯದ್ದೇ ಆಗಬೇಕು" ಎಂದು ಗದರಿದರು.

ನಮ್ಮ ದನ ಹನ್ನೆರಡನೇ ದಿನಕ್ಕೆ ಸರಿಯಾಗಿ ಕಾಲೂರಿತು. ಫಿನಾಯಿಲ್ ತಾಗಿದ ಕಡೆ ಚರ್ಮ ಬರಲಿಕ್ಕೆ ಇನ್ನೂ ಮೂರು ವಾರ ಹಿಡಿಯಿತು, ಅದು ನನ್ನದೇ ತಪ್ಪು.

ಜ್ವರ ಬಂದರೆ, ಮೇವು ಬಿಟ್ಟರೆ, ಗಾಯ ಎಲುಬಿನವರೆಗೆ ಹೋಗಿದ್ದರೆ ಮನೆಮದ್ದಿಗೆ ಕೂರಬಾರದು, ಡಾಕ್ಟರನ್ನು ಕರೆಯಬೇಕು. ಅವರು ಆಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಹಾಲು ಡಿಪೋಗೆ ಹಾಕಬಾರದು ಎಂದು ಕೇಳಿಕೊಳ್ಳಿ. ನಾಯಿ ಕಚ್ಚಿದ ಗಾಯಕ್ಕಂತೂ ಯಾವ ಮುಲಾಮೂ ಬೇಡ. ಕೈಗೆ ಗ್ಲೌಸ್ ಹಾಕಿ, ಸೋಪು ಹಚ್ಚಿ, ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಓಡಿ.

ಉಳಿದ ಮುಲಾಮನ್ನು ನಾನು ಬಾಟಲಿಯಲ್ಲಿಟ್ಟಿದ್ದೆ. ಹತ್ತು ದಿನದಲ್ಲಿ ಬೂಸ್ಟು ಬಂತು. ಈಗ ಬೇಕಾದಷ್ಟೇ ಮಾಡುತ್ತೇವೆ.